ಮಗ್ಗ ಮನೆಯೊಳಗಿದ್ದ ಊರು

ಬನಹಟ್ಟಿಯಿಂದ ರಬಕವಿಗೆ ಈಗ ನಡೆದು ಹೋಗುವವರು ಕಡಿಮೆ. ಹೋದರೂ ಎಲ್ಲಿ ಒಂದು ಊರು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂಬುದು ತಿಳಿಯುವುದಿಲ್ಲ. ಮಂಗಲ ಕಾರ್ಯಾಲಯ, ಪೆಟ್ರೋಲ್ ಪಂಪ್, ಹೆರಿಗೆ ಆಸ್ಪತ್ರೆ, ಟೈಲ್ಸ್ ಅಂಗಡಿ, ಟ್ರ್ಯಾಕ್ಟರ್ ಶೋರೂಮು, ಮತ್ತೊಂದು ಮಂಗಲ ಕಾರ್ಯಾಲಯ. ನಾನು ಹೈಸ್ಕೂಲಿಗೆ ಹೋಗುತ್ತಿದ್ದ 1970ರ ದಶಕದಲ್ಲಿ ಈ ರಸ್ತೆಯ ಎರಡೂ ಬದಿಗೆ ಎರೆಹೊಲ ಇತ್ತು. ಹಿಂಗಾರಿ ಜೋಳ ಆಳೆತ್ತರ ಬೆಳೆದಾಗ ರಸ್ತೆ ಓಣಿಯಂತಾಗುತ್ತಿತ್ತು. ಬನಹಟ್ಟಿಯ ಕಡೆಯ ಮನೆಯ ಮಗ್ಗದ ಸಪ್ಪಳ ಬೆನ್ನ ಹಿಂದೆ ಸಣ್ಣದಾಗುತ್ತ ಹೋಗಿ, ಸ್ವಲ್ಪ ದೂರ ಜೋಳದ ಎಲೆಗಳ ಸಪ್ಪಳವೊಂದೇ ಉಳಿದು, ಆಮೇಲೆ ರಬಕವಿಯ ಮೊದಲ ಮನೆಯ ಮಗ್ಗ ಕಿವಿಗೆ ಬೀಳುತ್ತಿತ್ತು. ಊರಿನ ಗಡಿಯನ್ನು ನಾವು ಕಿವಿಯಿಂದ ಗುರುತಿಸುತ್ತಿದ್ದೆವು.

ನಮ್ಮ ಮುತ್ಯಾನಿಗೆ ಆ ಹೊಲಗಳು ಬೇರೆಯೇ ಅರ್ಥದ ಗಡಿಯಾಗಿದ್ದವು. ಅವನು ಹುಟ್ಟಿದಾಗ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ ಸಾಂಗಲಿ ಸಂಸ್ಥಾನದ್ದು. ಎರಡೂ ಪಟವರ್ಧನ ಮನೆತನದ ಕವಲುಗಳೇ, ಆದರೆ ದರಬಾರು ಬೇರೆ, ಕಚೇರಿ ಬೇರೆ, ದಸರೆಯ ದಿನ ನಜರಾಣೆ ಹೋಗುವ ದಿಕ್ಕು ಬೇರೆ. ಮುತ್ಯಾ ರಬಕವಿಯ ಬೀಗರನ್ನು ಕುರಿತು ಮಾತಾಡುವಾಗ ಕಡೆಯತನಕ ‘ಸಾಂಗಲಿ ಸೀಮಿಯವರು’ ಎಂದೇ ಅನ್ನುತ್ತಿದ್ದ. ಕೂಗಿದರೆ ಕೇಳುವಷ್ಟು ಹತ್ತಿರದ ಊರನ್ನು ಪರಸೀಮೆ ಎಂದು ಕರೆಯುವುದು ನಮಗೆ ಮಕ್ಕಳಿಗೆ ನಗು ತರಿಸುತ್ತಿತ್ತು. ಸಂಸ್ಥಾನಗಳ ನಕಾಶೆ ನೋಡಿದ ಮೇಲೆ ಅವನ ಮಾತಿನ ಹಿಂದಿನ ಸತ್ಯ ಅರ್ಥವಾಯಿತು. ಸಾಂಗಲಿಯ ರಾಜರ ಆಳ್ವಿಕೆ ಒಂದೇ ತುಂಡಾಗಿರಲಿಲ್ಲ. ತೇರದಾಳ, ರಬಕವಿ ಇಲ್ಲಿ, ಶಿರಹಟ್ಟಿ ಅಲ್ಲೆಲ್ಲೋ ಗದಗಿನ ಆಚೆ, ಶಹಾಪುರ ಬೆಳಗಾವಿಯ ಮಗ್ಗುಲಲ್ಲಿ. ಜಮಖಂಡಿಯವರಿಗೆ ಹುಬ್ಬಳ್ಳಿ ಕಡೆಯ ಕುಂದಗೋಳ ಸೇರಿತ್ತು. ಹೀಗಾಗಿ ಬನಹಟ್ಟಿಯ ನೇಕಾರನೂ ಕುಂದಗೋಳದ ರೈತನೂ ಒಬ್ಬನೇ ರಾಜನ ಪ್ರಜೆಗಳು. ಬನಹಟ್ಟಿಯ ನೇಕಾರನೂ ರಬಕವಿಯ ನೇಕಾರನೂ ಅಲ್ಲ! ಇನ್ನೊಂದು ಮಗ್ಗುಲಿನ ಮಹಾಲಿಂಗಪುರ ಮುಧೋಳದ ಘೋರ್ಪಡೆ ಸಂಸ್ಥಾನಕ್ಕೆ ಸೇರಿದ್ದು. ಅರ್ಧ ದಿನ ಚಕ್ಕಡಿ ಹೊಡೆದರೆ ಮೂರು ರಾಜರ ನೆಲ ದಾಟಬಹುದಿತ್ತು.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ನಾವು ವಿಜಾಪುರ ಜಿಲ್ಲೆ, ಜಮಖಂಡಿ ತಾಲ್ಲೂಕಿನವರಾದೆವು. ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯಾಗಿದ್ದ ಸಾವಳಗಿಯ ಬಿ.ಡಿ. ಜತ್ತಿಯವರು 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದಾಗ ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದ್ದರಂತೆ. 1956ರ ಏಕೀಕರಣ ಅಂದರೇನು ಎಂಬುದು ಆ ಸಕ್ಕರೆಯಿಂದಲೇ ತನಗೆ ಸರಿಯಾಗಿ ತಿಳಿಯಿತು ಎಂದು ಅಪ್ಪ ಹೇಳುತ್ತಿದ್ದ. ಮುತ್ಯಾನಿಗೆ ಮಾತ್ರ ಬರುತ್ತಿದ್ದದ್ದು ಹಳೆಯ ದರಬಾರಿನ ಮರಾಠಿ ಮೋಡಿ ಲಿಪಿ. ನೂಲಿನ ಲೆಕ್ಕ, ಸಾವಕಾರರ ಚೀಟಿ ಎಲ್ಲ ಮೋಡಿಯಲ್ಲಿ. ಕನ್ನಡ ಅಕ್ಷರಗಳನ್ನು ಅವನು ಕಲಿತದ್ದು ನನ್ನ ಅಪ್ಪನ ಅಂಕಲಿಪಿಯನ್ನು ನೋಡಿ. ಬನಹಟ್ಟಿಯ ಪೇಟೆಗಳಿಗೆ ಈಗಲೂ ಸೋಮವಾರ ಪೇಟೆ, ಮಂಗಳವಾರ ಪೇಟೆ ಎಂದೇ ಹೆಸರು. ಪುಣೆಯ ಪೇಶವೆಗಳ ಕಾಲದ ಆ ರೂಢಿಯನ್ನು ಯಾರೂ ಬದಲಿಸಬೇಕೆಂದುಕೊಂಡಿಲ್ಲ. ಬದಲಿಸಬಾರದು ಕೂಡ.

ಎರಡು ಸಂಸ್ಥಾನಗಳಲ್ಲಿ ಹರಿದಿದ್ದ ಈ ಊರುಗಳನ್ನು ಜೋಡಿಸಿದ್ದು ಸರಕಾರವಲ್ಲ, ನೂಲು. ನಗರಸಭೆ ಆಮೇಲೆ ಬಂತು. ರಬಕವಿ, ಬನಹಟ್ಟಿ, ರಾಂಪುರ, ಹೊಸೂರು ಎಲ್ಲ ಸೇರಿ ಒಂದೇ ಊರೆಂದು ಕಾಗದದಲ್ಲಿ ಬರೆದದ್ದೂ ಆಮೇಲೆ. ಅದಕ್ಕೂ ಮೊದಲೇ ಇಲ್ಲಿ ಹಾಸು ಹೂಡಿದ್ದು ಅಲ್ಲಿ ನೇಯುತ್ತಿತ್ತು, ಅಲ್ಲಿ ಬಣ್ಣ ಕಂಡ ನೂಲು ಇಲ್ಲಿ ಕಂಡಿಕಿಯಾಗುತ್ತಿತ್ತು. ಹಟಗಾರರು, ದೇವಾಂಗದವರು, ಕುರುಹಿನಶೆಟ್ಟಿಯವರು, ಪಟ್ಟಸಾಲಿಯವರು, ಪದ್ಮಸಾಲಿಯವರು, ಸ್ವಕುಳಸಾಳಿಯವರು, ಹೀಗೆ ಒಂದೊಂದು ಸಮಾಜದವರೂ ಎರಡೂ ಊರಿನಲ್ಲಿ ಬೀಗತನ ಇಟ್ಟುಕೊಂಡಿದ್ದರು. ನಮ್ಮ ಆಯಿ ರಬಕವಿಯಾಕೆ. ಅವಳ ತವರಿನಿಂದ ಬಂದ ದೊಡ್ಡ ಉಡುಗೊರೆ ಎಂದರೆ ಒಂದು ರಾಟಿ.

ಆ ರಾಟಿ ಇದ್ದ ಮನೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಆ ಬಗೆಯ ಮನೆ ಈಗ ನಮ್ಮ ಓಣಿಯಲ್ಲಿ ಒಂದೂ ಇಲ್ಲ. ಮುಂಬಾಗಿಲು ದಾಟಿದರೆ ಪಡಸಾಲೆಯಲ್ಲ, ಮಗ್ಗ. ಎರಡು ಕುಣಿಮಗ್ಗ ಎದುರುಬದುರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಅಪ್ಪ ಒಂದರ ಮುಂದೆ, ಕಾಕಾ ಇನ್ನೊಂದರ ಮುಂದೆ ಕೂಡುತ್ತಿದ್ದರು. ಬೀಗರು ಬಂದರೆ ಅವರಿಗೆ ಮಗ್ಗದ ಪಕ್ಕದಲ್ಲೇ ಚಾಪೆ. ಕೈ ನಿಲ್ಲಿಸದೆ ಅಪ್ಪ ಮಾತಾಡುತ್ತಿದ್ದ. ಲಾಳಿ ಆ ಕಡೆ ಹೋಗುವಾಗ ಅರ್ಧ ಮಾತು, ಈ ಕಡೆ ಬರುವಾಗ ಉಳಿದರ್ಧ. ಹಿಂದಿನ ಖೋಲಿಯಲ್ಲಿ ಅಡುಗೆ ಮತ್ತು ಆಯಿಯ ರಾಟಿ. ಮಾಡಿನ ತೊಲೆಗೆ ಬಣ್ಣದ ಲಡಿಗಳನ್ನು ಇಳಿಬಿಟ್ಟಿರುತ್ತಿದ್ದರು. ಬೇಸಿಗೆಯಲ್ಲಿ ನಾವು ಮಲಗುತ್ತಿದ್ದದ್ದು ಅವುಗಳ ಕೆಳಗೆ. ನಸುಕಿನಲ್ಲಿ ಎಚ್ಚರವಾದರೆ ಮೊದಲು ಮೂಗಿಗೆ ಬರುವುದು ಹಸಿ ಬಣ್ಣದ ವಾಸನೆ.

ಕಂಡಿಕಿ ಸುತ್ತುವುದು ಮಕ್ಕಳ ಕೆಲಸ. ಶಾಲೆಗೆ ಹೋಗುವ ಮುಂಚೆ ಅಪ್ಪನ ಬುಟ್ಟಿಯಲ್ಲಿ ಮಧ್ಯಾಹ್ನದತನಕ ಸಾಲುವಷ್ಟು ಕಂಡಿಕಿ ಬಿದ್ದಿರಬೇಕು. ಅವ್ವನದು ಕೆಚ್ಚುವ ಕೆಲಸ. ಹಳೆಯ ಹಾಸು ತೀರುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯುದ್ದಕ್ಕೂ ಗೆರೆ ಮೂಡುತ್ತದೆ. ಅವ್ವ ಆ ಕೆಲಸ ಮಾಡುವಾಗ ಎತ್ತಲೂ ನೋಡುತ್ತಿರಲಿಲ್ಲ, ಆದರೆ ಹಾಡು ಗುನುಗುತ್ತಿದ್ದಳು. ಅವಳಿಗೆ ಅಮೀರಬಾಯಿ ಕರ್ನಾಟಕಿ ಎಂದರೆ ಪ್ರಾಣ. ‘ಕಿಸ್ಮತ್’ ಸಿನಿಮಾದಲ್ಲಿ ಇಡೀ ಹಿಂದೂಸ್ಥಾನ ಕೇಳಿದ ದನಿ ನಮ್ಮ ಬೀಳಗಿಯದು ಎಂದು ಹೇಳುವಾಗ ಅವಳ ಮುಖ ಅರಳುತ್ತಿತ್ತು. “ಬೀಳಗಿ ಹೆಣಮಗಳವಾ ಆಕಿ. ನಮ್ಮ ಸೀಮಿ ನೀರ ಕುಡದ ಗಂಟಲಾ” ಅನ್ನುತ್ತಿದ್ದಳು ತಂಗಿಗೆ.

ಓಣಿಯೂ ಮಗ್ಗದ ಭಾಗವೇ ಆಗಿತ್ತು. ಹಾಸಿನ ನೂಲಿಗೆ ಗಂಜಿ ಹಚ್ಚುವ ದಿನ ನಸುಕಿನಲ್ಲೇ ಬೀದಿಯುದ್ದಕ್ಕೂ ನೂಲನ್ನು ಬಿಗಿದು ಕಟ್ಟಿ, ಎರಡೂ ಕಡೆಯಿಂದ ಕುಂಚ ಎಳೆಯುತ್ತ ನಡೆಯುತ್ತಿದ್ದರು. ಬಿಸಿಲೇರಿ ನೂಲು ಒಣಗುವತನಕ ಆ ಓಣಿಯಲ್ಲಿ ಚಕ್ಕಡಿ ಬರುವಂತಿರಲಿಲ್ಲ. ಬಂದವನು ತಾನಾಗೇ ಸುತ್ತು ಹಾಕಿ ಹೋಗುತ್ತಿದ್ದ. ಯಾರ ಮನೆಯ ಹಾಸು ಎಂಬ ಪ್ರಶ್ನೆ ಇರಲಿಲ್ಲ, ಅಕ್ಕಪಕ್ಕದ ಗಂಡಸರೆಲ್ಲ ಒಂದು ಸುತ್ತು ಕೈಹಚ್ಚಿ ಹೋಗುತ್ತಿದ್ದರು. ನಮ್ಮ ಓಣಿ ಅಷ್ಟು ಉದ್ದಕ್ಕೆ, ನೆಟ್ಟಗೆ ಇರುವುದು ಅದಕ್ಕೇ ಎಂದು ಆಯಿ ನಂಬಿದ್ದಳು. ಇರಬಹುದು. ಹಾಸಿನ ಉದ್ದಕ್ಕೆ ಬೀದಿ, ಮಗ್ಗದ ಅಗಲಕ್ಕೆ ಮನೆ. ಕೆಲಸವೇ ಊರಿನ ಅಳತೆಗೋಲಾಗಿದ್ದ ಕಾಲ ಅದು.

ಆ ಕಾಲವನ್ನು ಬರೀ ಚಂದದ ಮಾತಿನಲ್ಲಿ ಹೇಳಿದರೆ ನನ್ನ ಅವ್ವನಿಗೆ ಅನ್ಯಾಯವಾಗುತ್ತದೆ. ಮಜೂರಿ ಸಿಗುತ್ತಿದ್ದದ್ದು ನೇಯ್ದ ಸೀರೆಗೆ. ರಾಟಿ ತಿರುಗಿಸಿದ ಆಯಿಗೆ, ಕೆಚ್ಚಿದ ಅವ್ವನಿಗೆ, ಕಂಡಿಕಿ ಸುತ್ತಿದ ನಮಗೆ ಲೆಕ್ಕದಲ್ಲಿ ಒಂದು ಸಾಲೂ ಇರಲಿಲ್ಲ. ನಾಲ್ಕೈದು ಮಂದಿಯ ದುಡಿಮೆ ಒಬ್ಬನ ಹೆಸರಿನಲ್ಲಿ, ಒಬ್ಬನ ಕೂಲಿಯಾಗಿ ಮನೆಗೆ ಬರುತ್ತಿತ್ತು. ನೂಲು ಸಾವಕಾರರದು, ಸೀರೆ ಸಾವಕಾರರದು, ನಡುವಿನ ಬೆವರು ನಮ್ಮದು. ಅಪ್ಪ ವಾರಕ್ಕೊಮ್ಮೆ ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ರಬಕವಿಗೆ ಹೋಗುತ್ತಿದ್ದ. ಬರುವಾಗ ಗಂಟಿನಲ್ಲಿ ಮುಂದಿನ ವಾರದ ನೂಲು, ಕಿಸೆಯಲ್ಲಿ ಹಿಂದಿನ ವಾರದ ಮಜೂರಿಯಲ್ಲಿ ಮುಂಗಡ ಮುರಿದು ಉಳಿದದ್ದು. ಆ ಮುಂಗಡ ಎಂದೂ ತೀರಲಿಲ್ಲ. ಕಾಕಾನಿಗೆ ಅರಳೆಯ ಧೂಳಿನಿಂದ ಕೆಮ್ಮು ಹತ್ತಿ, ನಲವತ್ತಕ್ಕೇ ಮುದುಕನಂತಾಗಿದ್ದ.

ಸರಕಾರ ಕೈ ಹಾಕಿದ್ದು ಇದೇ ಹೊತ್ತಿನಲ್ಲಿ. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿತು. ನಮ್ಮ ಊರಿನ ಬಾಯಲ್ಲಿ ಅದು ಕೆಎಚ್‌ಡಿಸಿ. ನಿಗಮವೇ ನೂಲು ಕೊಟ್ಟು, ನೇಯ್ದದ್ದನ್ನು ತಾನೇ ಕೊಳ್ಳುವ ವ್ಯವಸ್ಥೆ. ಕೇಂದ್ರ ಸರಕಾರದ ಜನತಾ ಬಟ್ಟೆ ಯೋಜನೆ ಅದರ ಬೆನ್ನಿಗೇ ಬಂತು. ಬಡವರಿಗಾಗಿ ಅಗ್ಗದ ಸೀರೆ, ಧೋತರ. ಸಾವಕಾರರ ಹಂಗಿಲ್ಲದೆ ಬದುಕಬಹುದು ಎಂಬ ಮಾತು ನಮ್ಮ ಓಣಿಯಲ್ಲಿ ಮೊದಲ ಬಾರಿ ಕೇಳಿಸಿತು. ನೇಕಾರರ ಕಾಲೊನಿಗಳು ಎದ್ದವು, ಮುಂದೆ ವಾಸ, ಒಳಗೆ ಮಗ್ಗ. ಮುಂದೆ ಸರಕಾರಿ ಶಾಲೆಯ ಮಕ್ಕಳ ಸಮವಸ್ತ್ರದ ಬಟ್ಟೆಯನ್ನೂ ನಿಗಮ ನೇಯಿಸಿತು. ರಾಜ್ಯದ ಯಾವುದೋ ಮೂಲೆಯ ಮಗು ತೊಟ್ಟ ಅಂಗಿ ನಮ್ಮ ಊರಿನ ಮಗ್ಗದ್ದಿರಬಹುದು ಎಂಬ ಯೋಚನೆ ನನಗೆ ಈಗಲೂ ಖುಷಿ ಕೊಡುತ್ತದೆ. ಜನತಾ ಬಟ್ಟೆ ಗುಣಮಟ್ಟದ ಸೀರೆಯಾಗಿರಲಿಲ್ಲ ನಿಜ. ಒಳ್ಳೆಯ ಧಡಿ, ಸೆರಗು ಬಲ್ಲ ಕೈಗಳು ಒರಟು ಬಟ್ಟೆ ನೇಯ್ದು ಮೊಂಡಾದವು ಎಂದು ಹಿರಿಯರು ಬೇಸರಪಡುತ್ತಿದ್ದರು. ಆದರೆ ಉಪವಾಸ ತಪ್ಪಿಸಿದ್ದು ಅದೇ ಒರಟು ಬಟ್ಟೆ.

ಅಷ್ಟರಲ್ಲಿ ವಿದ್ಯುತ್ ಮಗ್ಗ ಊರಿನ ತುಂಬ ಹಬ್ಬುತ್ತಿತ್ತು. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯ್ದೆ 1985ರಲ್ಲಿ ಬಂತು. ಬರುವ ಹೊತ್ತಿಗೆ ನಮ್ಮ ಓಣಿಯ ಅರ್ಧಕ್ಕರ್ಧ ಮನೆಗಳಲ್ಲಿ ಮೋಟಾರು ಕೂತಾಗಿತ್ತು. ನಮ್ಮ ಮನೆಗೆ ಬಂದದ್ದು ಇಚಲಕರಂಜಿಯಲ್ಲಿ ಯಾರೋ ಬಳಸಿ ಮಾರಿದ ಎರಡು ಮಗ್ಗ. ಅವನ್ನು ಇಳಿಸುವ ಮುಂಚೆ ಕುಣಿಗಳನ್ನು ಮುಚ್ಚಬೇಕಿತ್ತು. ಅಪ್ಪ ತನ್ನ ಕೈಯಿಂದ ಮಣ್ಣು ಹಾಕಲಿಲ್ಲ, ಕಾಕಾ ಹಾಕಿದ. ಮುತ್ಯಾನ ಕಾಲದಿಂದ ಕಾಲಿಟ್ಟು ಕಾಲಿಟ್ಟು ಕುಣಿಯ ಅಂಚು ನುಣ್ಣಗಾಗಿತ್ತು. ಅದರ ಮೇಲೆ ಖಡಿ, ಮೇಲೆ ಸಿಮೆಂಟು. ಮೊದಲ ರಾತ್ರಿ ಆ ಖಟಾಖಟಿಗೆ ಗೋಡೆಯ ಮೇಲಿನ ಫೋಟೊ ಕೆಳಗೆ ಬಿತ್ತು. ಮನೆಯಲ್ಲಿ ಮಾತು ಮುಗಿದದ್ದು ಆಗ. ಒಬ್ಬರಿಗೊಬ್ಬರು ಕೂಗಿ ಹೇಳಬೇಕು, ಇಲ್ಲವೆ ಸನ್ನೆ ಮಾಡಬೇಕು. ಅವ್ವನ ಹಾಡು ಅವಳಿಗೇ ಕೇಳಿಸದಾಯಿತು.

ಊರಿಗೆ ಊರೇ ಮಾತಾಡುತ್ತಿದ್ದದ್ದು ಕರೆಂಟು ಹೋದಾಗ. ಒಮ್ಮೆಗೇ ಎಲ್ಲ ಮಗ್ಗ ನಿಂತು, ಕಿವಿಯೊಳಗೆ ಮಾತ್ರ ಸಪ್ಪಳ ಉಳಿದು, ಬಾಗಿಲುಗಳು ತೆರೆಯುತ್ತಿದ್ದವು. ಗಂಡಸರು ಕಟ್ಟೆಗೆ, ಹೆಂಗಸರು ಹೊಸ್ತಿಲಿಗೆ. “ಯಾವಾಗ ಬರತದಂತರೀ?” ಎಂಬ ಪ್ರಶ್ನೆಯಿಂದ ಶುರುವಾದದ್ದು ಸೊಸೈಟಿ ಚುನಾವಣೆ, ಕಾಡಸಿದ್ಧೇಶ್ವರನ ಜಾತ್ರೆ, ಯಾರ ಮಗಳಿಗೆ ಎಲ್ಲಿ ವರ ಎಂಬಲ್ಲಿಗೆ ಹೋಗುತ್ತಿತ್ತು. ಶ್ರೀಕೃಷ್ಣ ಪಾರಿಜಾತದ ಮೇಳವನ್ನು ಯಾವ ಓಣಿಯಲ್ಲಿ ಆಡಿಸಬೇಕು ಎಂಬ ಮಾತೂ ಅದರ ವಂತಿಗೆಯ ಲೆಕ್ಕವೂ ಆ ಕತ್ತಲಲ್ಲೇ ಆಗುತ್ತಿದ್ದವು. ಕರೆಂಟು ಬಂದರೆ ಅರ್ಧ ಮಾತು ಕಟ್ಟೆಯಲ್ಲೇ ಬಿಟ್ಟು ಒಳಗೆ ಓಡುತ್ತಿದ್ದರು. ಕೂಲಿ ಮೀಟರಿನ ಲೆಕ್ಕದಲ್ಲಲ್ಲವೆ?

ನಾವು ಮಗ್ಗದ ಮುಂದೆ ಹೀಗೆ ಇದ್ದಾಗ, ನಮ್ಮ ಸುತ್ತಲಿನ ಹಳ್ಳಿಗಳು ಬದಲಾಗಿದ್ದವು. ಕೃಷ್ಣೆ ನಮ್ಮ ಮಗ್ಗುಲಲ್ಲೇ ಹರಿದರೂ ಬೇಸಿಗೆಯಲ್ಲಿ ಮರಳೇ ಹೆಚ್ಚು. ಸರಕಾರದ ದಾರಿ ಕಾಯ್ದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಎತ್ತಿ, ತಾವೇ ದುಡಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಅದರ ನೀರಿಗೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಮುಂದೆ ಎರಡು ವರ್ಷಕ್ಕೆ ಅದೇ ನ್ಯಾಮಗೌಡರು ಬಾಗಲಕೋಟೆ ಲೋಕಸಭೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದಾಗ ದೇಶವೇ ನಮ್ಮ ಕಡೆ ತಿರುಗಿ ನೋಡಿತು. ಹಿಪ್ಪರಗಿಯ ಬ್ಯಾರೇಜೂ ಆಯಿತು. ಜೋಳ ಹೋಗಿ ಕಬ್ಬು ಬಂತು. ಸಮೀರವಾಡಿಯ ಕಾರ್ಖಾನೆ ಮೊದಲಿನಿಂದ ಇತ್ತು, ಆಮೇಲೆ ಮುಧೋಳ, ಜಮಖಂಡಿ ತಾಲ್ಲೂಕುಗಳಲ್ಲಿ ಒಂದರ ಹಿಂದೊಂದು ಚಿಮಣಿ ಎದ್ದವು. ಮಹಾಲಿಂಗಪುರದ ಬೆಲ್ಲದ ಪೇಟೆ ಬೆಳೆಯಿತು. ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ನಮ್ಮ ನಡುಪೇಟೆಯಲ್ಲೇ ಹಾಯುತ್ತಿದ್ದವು.

ಆ ರೈತರ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ನೀರು ಕೊಡುವುದು ಹೊಲ ಇದ್ದವರಿಗೆ. ನೇಕಾರನಿಗೆ ಹೊಲ ಎಲ್ಲಿಂದ ಬರಬೇಕು? ಅವನ ಆಸ್ತಿ ಅವನ ಕೈ. ಒಂದು ತಲೆಮಾರಿನೊಳಗೆ ಹಣ ಊರಿನಿಂದ ಹಳ್ಳಿಗೆ ಹೋಯಿತು, ಹಳ್ಳಿಯಿಂದ ಪ್ಲಾಟುಗಳ ರೂಪದಲ್ಲಿ ತಿರುಗಿ ಬಂತು. ರಬಕವಿ, ಬನಹಟ್ಟಿಯ ನಡುವಿನ ಎರೆಹೊಲಗಳಿಗೆ ಕಲ್ಲು ನೆಟ್ಟದ್ದು ಆ ಹಣ. ಮಕ್ಕಳ ಶಾಲೆಗಾಗಿ, ಆಸ್ಪತ್ರೆಗಾಗಿ ಕಬ್ಬಿನ ಊರಿನವರು ಇಲ್ಲಿ ಮನೆ ಕಟ್ಟಿದರು. ನಮ್ಮವರು ಆ ಮನೆಗಳಿಗೆ ಗೃಹಪ್ರವೇಶದ ಸೀರೆ ಮಾರಲು ಹೋದರು. ಆ ಸೀರೆಯೂ ಬಹಳ ಸಲ ಸೂರತ್ತಿನದು. ನಮ್ಮ ಮಗ್ಗದ ಹತ್ತಿಯ ಸೀರೆಗಿಂತ ಅದು ಅಗ್ಗ.

ಆ ನಡುವೆ ಹೆಸರುಗಳು ಬದಲಾಗುತ್ತ ಹೋದವು. 1997ರಲ್ಲಿ ಬಾಗಲಕೋಟೆ ಜಿಲ್ಲೆ, 2018ರಲ್ಲಿ ರಬಕವಿ-ಬನಹಟ್ಟಿ ತಾಲ್ಲೂಕು. ತಾಲ್ಲೂಕಾದ ದಿನ ಪಟಾಕಿ ಹಾರಿಸಿದ ಹುಡುಗರಿಗೆ ನಾನು ಮುತ್ಯಾನ ಕತೆ ಹೇಳಿದೆ. ಸಾಂಗಲಿಯ ರಬಕವಿ, ಜಮಖಂಡಿಯ ಬನಹಟ್ಟಿ, ಮುಧೋಳದ ಮಹಾಲಿಂಗಪುರ ಈಗ ಒಬ್ಬರೇ ತಹಶೀಲ್ದಾರರ ಕೆಳಗೆ ಬಂದಿವೆ ಎಂದರೆ ಎಷ್ಟು ದೊಡ್ಡ ಸಂಗತಿ! ಮೂರು ದರಬಾರುಗಳು ಬಿಟ್ಟುಹೋದ ತುಂಡುಗಳನ್ನು ಕೂಡಿಸಿ ಒಂದು ತಾಲ್ಲೂಕು ಹೊಲಿದಂತಾಗಿದೆ. ಹುಡುಗರು ಕೇಳಿದ್ದು ಒಂದೇ: “ರೈಲು ಯಾವಾಗ ಬರತೈತ್ರಿ ಸರ್?” ಬಾಗಲಕೋಟೆ–ಕುಡಚಿ ಮಾರ್ಗ 142 ಕಿಲೋಮೀಟರು, ಮಂಜೂರಾದದ್ದು 2010–11ರಲ್ಲಿ. ಮುಂಬಯಿ ಕಡೆಗೆ ಮಾಲು ಕಳಿಸುವ ಊರಿಗೆ ರೈಲಿನ ಬೆಲೆ ಬೇರೆ ಯಾರಿಗಿಂತ ಹೆಚ್ಚು ಗೊತ್ತು. ಹುಡುಗರ ಪ್ರಶ್ನೆ ಸರಿಯಾದದ್ದೇ.

2020ರ ಲಾಕ್‌ಡೌನನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಮದುವೆಯ ಹಂಗಾಮಿಗೆಂದು ನೇಯ್ದ ಸೀರೆಗಳು ಮಾಡು ಮುಟ್ಟುವತನಕ ಪೇರಿಸಿ ಕೂತವು. ಹಿಂದಿನ ಆಗಸ್ಟಿನಲ್ಲಷ್ಟೆ ಕೃಷ್ಣೆಯ ಮಹಾಪೂರ ಹೊಳೆದಂಡೆಯ ಹಳ್ಳಿಗಳನ್ನು ಮುಳುಗಿಸಿತ್ತು. ಅದರಿಂದ ಎದ್ದು ಕೂಡುವಷ್ಟರಲ್ಲಿ ಇದು. ಮಗ್ಗಗಳು ತಿಂಗಳುಗಟ್ಟಲೆ ನಿಂತಿದ್ದವು. ಕರೆಂಟು ಇತ್ತು, ಸಪ್ಪಳವಿರಲಿಲ್ಲ. ಆ ಮೌನದಲ್ಲಿ ಯಾರೂ ಕಟ್ಟೆಗೆ ಬಂದು ಕೂಡುವಂತಿರಲಿಲ್ಲ. ಸಾಲ ತೀರಿಸಲಾಗದೆ ಜೀವ ಕಳೆದುಕೊಂಡ ನೇಕಾರರಿದ್ದಾರೆ. ಆ ವರ್ಷ ಸರಕಾರ ಕೈಮಗ್ಗದವರಿಗೆ ವರ್ಷಕ್ಕೆ 2,000 ರೂಪಾಯಿಯ ನೇಕಾರ ಸಮ್ಮಾನ್ ತಂದಿತು. 2023ರಲ್ಲಿ 10 ಎಚ್‌ಪಿ ತನಕದ ಮಗ್ಗಗಳಿಗೆ ವಿದ್ಯುತ್ತು ಉಚಿತವಾಯಿತು. ಇವು ಸಣ್ಣ ಉಪಕಾರಗಳಲ್ಲ, ಬಿಲ್ಲು ಕಟ್ಟಿದವರಿಗೆ ಅದರ ಅರ್ಥ ಗೊತ್ತು. ಆದರೆ ನೂಲಿನ ದರ ನೇಕಾರನ ಕೈಯಲ್ಲಿಲ್ಲ, ಸೀರೆಯ ದರವೂ ಅವನ ಕೈಯಲ್ಲಿಲ್ಲ. ನನ್ನ ಮುತ್ಯಾನ ಮೋಡಿ ಚೀಟಿಯಲ್ಲಿದ್ದ ಲೆಕ್ಕವೂ ಇದೇ ಆಗಿತ್ತು.

ಈಗ ಊರಿನಲ್ಲಿ ಮಗ್ಗ ಕಡಿಮೆಯಾಗಿವೆ ಎಂದಲ್ಲ. ಅವು ಮನೆ ಬಿಟ್ಟು ಹೊರಗೆ ಶೆಡ್ಡುಗಳಿಗೆ ಹೋಗಿವೆ. ಅಲ್ಲಿ ಗಾಳಿ ಇದೆ, ಬೆಳಕು ಇದೆ, ಹೆಂಗಸರಿಗೆ ಅವರದೇ ಹೆಸರಿನಲ್ಲಿ ಕೂಲಿ ಸಿಗುತ್ತದೆ. ಇದೆಲ್ಲ ಒಳ್ಳೆಯದು, ನನ್ನ ಅವ್ವನಿಗೆ ಸಿಗದೆ ಹೋದದ್ದು. ನನ್ನ ಸಂಕಟ ಬೇರೆ. ಅಪ್ಪ ಏನು ಮಾಡುತ್ತಾನೆ ಎಂಬುದು ನಮಗೆ ಕೇಳಿ ತಿಳಿದದ್ದಲ್ಲ, ಕಣ್ಣೆದುರಿನದು. ಕೆಲಸದ ಕಷ್ಟವನ್ನೂ ಅದರ ಸೊಗಸನ್ನೂ ಒಟ್ಟಿಗೆ ನೋಡಿದೆವು. ಸೆರಗಿನ ಕಡೆಯ ಗೆರೆ ಕೂಡಿದಾಗ ಅಪ್ಪ ಸೀರೆಯ ಮೇಲೆ ಅಂಗೈ ಆಡಿಸುತ್ತಿದ್ದ ರೀತಿ ನನಗೆ ನೆನಪಿದೆ. ಈಗಿನ ಮಗು ನೋಡುವುದು ಶೆಡ್ಡಿನಿಂದ ದಣಿದು ಬಂದ ಅಪ್ಪನನ್ನು ಮಾತ್ರ. ಕಷ್ಟ ಕಾಣುತ್ತದೆ, ಸೊಗಸು ಕಾಣುವುದಿಲ್ಲ. ಇಚಲಕರಂಜಿಗೋ ಬೆಂಗಳೂರಿಗೋ ಹೊರಟ ಹುಡುಗನನ್ನು “ಮಗ್ಗ ಯಾಕ ಬ್ಯಾಡೋ ತಮ್ಮಾ?” ಎಂದು ಕೇಳಿದರೆ ಅವನು ಬೈಯುವುದೂ ಇಲ್ಲ. “ಅದ್ರಾಗ ಏನೈತ್ರಿ?” ಅನ್ನುತ್ತಾನೆ.

ಹೋದ ವರ್ಷ ನಮ್ಮ ಕಾಕಾನ ಮೊಮ್ಮಗ ಆ ನಡುವಿನ ರಸ್ತೆಯಲ್ಲೇ ಪ್ಲಾಟು ತಗೊಂಡ. ಹಿಂದೆ ಜೋಳದ ಹೊಲವಿದ್ದ ಜಾಗ. ಇಂಜಿನಿಯರ್ ಬರೆದ ನಕ್ಷೆಯಲ್ಲಿ ಮುಂದೆ ಕಾರಿನ ಪೋರ್ಚು, ಹಾಲ್, ಎರಡು ಬೆಡ್‌ರೂಮು. ಹುಡುಗನ ಹೆಂಡತಿ ಜಾಕಾರ್ಡ್ ಮಗ್ಗಕ್ಕೆ ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವವಳು, ರಬಕವಿಯ ಮನೆತನದವಳು. ನಕ್ಷೆ ನೋಡಿ “ಮಗ್ಗದ ಖೋಲಿ ಎಲ್ಲೈತಿ?” ಎಂದು ಕೇಳಿದಳಂತೆ. ಮನೆಯಲ್ಲಿ ದೊಡ್ಡ ವಾದ. ಸಪ್ಪಳ, ಧೂಳು, ನೆರೆಯವರು ಏನಂತಾರೋ ಎಂಬ ಚಿಂತೆ. ನನ್ನನ್ನೂ ಕರೆದು ಕೇಳಿದರು. ನಾನು ಅವಳ ಕಡೆಗೆ ನಿಂತೆ, ಒಂದು ಷರತ್ತು ಹಾಕಿ: ಅವಳ ವಿನ್ಯಾಸಕ್ಕೂ ಅವಳ ಕೆಲಸಕ್ಕೂ ಬೇರೆ ಲೆಕ್ಕದ ಪುಸ್ತಕ ಇರಬೇಕು. “ಅದ ಮದಲ ಬರಸೇನ್ರಿ ದೊಡ್ಡಪ್ಪಾ” ಎಂದಳು. ಪೋರ್ಚು ಹೋಯಿತು. ಈಗ ಮುಂದಿನ ಖೋಲಿಗೆ ಎರಡು ಮಗ್ಗ ಹಿಡಿಯುವಷ್ಟು ಅಗಲ, ಅದಕ್ಕೆ ರಸ್ತೆಯ ಕಡೆ ದೊಡ್ಡ ಕಿಟಕಿ, ಗೋಡೆಗೆ ದಪ್ಪ ಇಟ್ಟಿಗೆ. ಮೂರು ಫೇಸಿನ ಲೈನಿಗೆ ಹೆಸ್ಕಾಮಿಗೆ ಅರ್ಜಿ ಕೊಟ್ಟಿದ್ದಾರೆ.